ಕಾಚನಿಂದ ಭುಜಂಗಯ್ಯನವರೆಗೆ: ನಟ ಲೋಕೇಶರ ರಂಗಭೂಮಿ ಮತ್ತು ತೆರೆ

ನಟ ಲೋಕೇಶರ (1947–2004) ಮಾತು ಬಂದಾಗಲೆಲ್ಲ ಒಂದು ವಿವರಣೆ ತಾನಾಗಿ ಮುಂದೆ ನಿಲ್ಲುತ್ತದೆ: ಅವರು ಎಂ. ವಿ. ಸುಬ್ಬಯ್ಯ ನಾಯ್ಡು ಅವರ ಮಗ, ಅಭಿನಯ ರಕ್ತದಲ್ಲೇ ಬಂದದ್ದು. ವಂಶದ ಈ ಹೆಮ್ಮೆ ಸಹಜವಾದದ್ದೇ. ಆದರೆ ಅಪ್ಪನ ಅಭಿನಯವನ್ನೂ ಮಗನದನ್ನೂ ಎದುರುಬದುರು ಇಟ್ಟು ನೋಡಿದರೆ ರಕ್ತ ವಿವರಿಸುವುದು ಬಹಳ ಕಡಿಮೆ. ತಂದೆಯ ಕಲೆ ಭಾಷೆಯ ಗಡಿಯನ್ನು ಸಲೀಸಾಗಿ ದಾಟುವಂಥದು. ಮಗನ ಕಲೆ ಒಂದು ಸೀಮೆಯ ಆಡುಮಾತಿನಲ್ಲಿ ಬೇರು ಬಿಟ್ಟದ್ದು. ಈ ವ್ಯತ್ಯಾಸ ಎಲ್ಲಿಂದ ಬಂತು ಎಂಬುದು ಈ ಲೇಖನದ ವಿಚಾರ.

ಸುಬ್ಬಯ್ಯ ನಾಯ್ಡು ಮತ್ತು ಆರ್. ನಾಗೇಂದ್ರರಾಯರು ಮೈಸೂರಿನ ಸಾಹಿತ್ಯ ಸಾಮ್ರಾಜ್ಯ ನಾಟಕ ಮಂಡಳಿಯನ್ನು ನಡೆಸಿದವರು. ತೆರೆ ಕಂಡ ಮೊದಲ ಕನ್ನಡ ಮಾತಿನ ಚಿತ್ರ ‘ಸತಿ ಸುಲೋಚನ’ 1934ರ ಮಾರ್ಚ್ 3ರಂದು ಬೆಂಗಳೂರಿನಲ್ಲಿ ಬಿಡುಗಡೆಯಾಯಿತು. ಅದರಲ್ಲಿ ನಾಯ್ಡು ಇಂದ್ರಜಿತು, ನಾಗೇಂದ್ರರಾಯರು ರಾವಣ. ಚಿತ್ರೀಕರಣ ನಡೆದದ್ದು ಕೊಲ್ಹಾಪುರದಲ್ಲಿ, ಸಾಹಿತ್ಯ ಬೆಳ್ಳಾವೆ ನರಹರಿ ಶಾಸ್ತ್ರಿಗಳದು. ಆರು ವರ್ಷಗಳ ಮೇಲೆ, 1940ರಲ್ಲಿ, ಇದೇ ಮಂಡಳಿಯ ‘ಭೂಕೈಲಾಸ’ ನಾಟಕವನ್ನು ಎ. ವಿ. ಮೇಯಪ್ಪನ್ ತೆಲುಗಿನಲ್ಲಿ ಚಿತ್ರವಾಗಿಸಿದರು. ಸುಂದರರಾವ್ ನಾಡಕರ್ಣಿ ನಿರ್ದೇಶಿಸಿದ ಆ ಚಿತ್ರದಲ್ಲಿ ನಾಯ್ಡು ರಾವಣ, ನಾಗೇಂದ್ರರಾಯರು ನಾರದ. ಕನ್ನಡ ಕಂಪನಿಯ ನಟರೇ ತೆಲುಗು ಚಿತ್ರವೊಂದರ ಆಧಾರಸ್ತಂಭಗಳಾದರು. ಮುಂದೆ 1943ರ ‘ಸತ್ಯ ಹರಿಶ್ಚಂದ್ರ’ ತಮಿಳಿಗೆ ಡಬ್ ಆಯಿತು.

ಇದು ಹೇಗೆ ಸಾಧ್ಯವಾಯಿತು ಎಂಬುದನ್ನು ಕೋಲಾರ ಜಿಲ್ಲೆಯವರಿಗೆ ವಿವರಿಸಬೇಕಾಗಿಲ್ಲ. ಬಂಗಾರಪೇಟೆ, ಕ್ಯಾಸಂಬಳ್ಳಿ, ಚಿನ್ನದ ಗಣಿಯ ಸೀಮೆಯಲ್ಲಿ ಕನ್ನಡ, ತೆಲುಗು, ತಮಿಳು ಒಂದೇ ಸಂತೆಯಲ್ಲಿ ಓಡಾಡುವ ನುಡಿಗಳು. ರಾವಣನ ಅಹಂಕಾರ, ಹರಿಶ್ಚಂದ್ರನ ಸುಡುಗಾಡು ಈ ಮೂರಕ್ಕೂ ಮೊದಲೇ ಗೊತ್ತಿರುವ ಸಂಗತಿಗಳು. ಕಥೆ ಪರಿಚಿತವಾಗಿದ್ದು, ಭಾವವನ್ನು ಕಂದಪದ್ಯ, ರಾಗ, ನಿಲುವು, ಕಿರೀಟ ಹೊರುವಾಗ ಮಾತಿನ ಪಾಲು ಹಗುರಾಗುತ್ತದೆ. ಕಂಪನಿ ನಟ ಕೊನೆಯ ಸಾಲಿನವರಿಗೂ ಮುಟ್ಟುವ ಹಾಗೆ ದನಿ ಎತ್ತುತ್ತಿದ್ದ. ಆ ದನಿಗೆ ಊರಿನ ಗುರುತು ಇರಲಿಲ್ಲ, ಇರಬೇಕಾದ ಅಗತ್ಯವೂ ಇರಲಿಲ್ಲ.

ಲೋಕೇಶರು ಬಾಲ್ಯದಲ್ಲೇ ತಂದೆಯ ‘ಭಕ್ತ ಪ್ರಹ್ಲಾದ’ದಲ್ಲಿ (1958) ಕಾಣಿಸಿಕೊಂಡರು. ಆ ದಾರಿ ಅಲ್ಲಿಗೆ ನಿಂತಿತು. ಅವರು ನಟರಾಗಿ ರೂಪುಗೊಂಡದ್ದು ಬೆಂಗಳೂರಿನ ಹವ್ಯಾಸಿ ರಂಗಭೂಮಿಯಲ್ಲಿ, ಸಿ. ಆರ್. ಸಿಂಹ ಮತ್ತು ಗೆಳೆಯರು 1972ರಲ್ಲಿ ಕಟ್ಟಿದ ನಟರಂಗದ ಕಾಲದಲ್ಲಿ. ಮಾಸ್ತಿಯವರ ‘ಕಾಕನಕೋಟೆ’ ಆ ತಂಡದ ಹೆಸರನ್ನು ನಿಲ್ಲಿಸಿದ ನಾಟಕ. ಕಾಡು ಕುರುಬರ ಮುಖಂಡ ಕಾಚನ ಪಾತ್ರ ಲೋಕೇಶರದು. 1977ರಲ್ಲಿ ಸಿಂಹ ಅದನ್ನು ಚಿತ್ರವಾಗಿಸಿದಾಗಲೂ ಕಾಚ ಅವರೇ ಆದರು. ಸಿ. ಅಶ್ವತ್ಥರು ಸಂಗೀತ ನಿರ್ದೇಶಕರಾಗಿ ಚಿತ್ರರಂಗಕ್ಕೆ ಬಂದದ್ದೂ ಈ ಚಿತ್ರದಿಂದಲೇ.

ಇಲ್ಲಿ ಸ್ವಲ್ಪ ನಿಲ್ಲಬೇಕು. ಮಾಸ್ತಿ ನಮ್ಮ ಕೋಲಾರ ಜಿಲ್ಲೆಯ ಮಾಲೂರು ತಾಲ್ಲೂಕಿನವರು, ಮನೆಮಾತು ತಮಿಳು. ಅವರು ಬರೆದದ್ದು ರಣಧೀರ ಕಂಠೀರವನ ಕಾಲದ, ಹೆಗ್ಗಡದೇವನಕೋಟೆ ಸೀಮೆಯ ಕಾಡಿನ ಕಥೆ. ಅರಸರು ಇದ್ದರೂ ನಾಟಕದ ತೂಕ ಕಾಡಿನವನ ಮೇಲಿದೆ. ಇಂದ್ರಜಿತುವಿನ ಮಗನಿಗೆ ಸಿಕ್ಕ ಪಾತ್ರಕ್ಕೆ ಕಿರೀಟವಿಲ್ಲ. ದೊರೆಯ ಎದುರು ನಿಂತರೂ ಬಗ್ಗದ ಬೆನ್ನು, ತನ್ನ ಜನರ ಮಾತು, ಇಷ್ಟೇ ಅವನ ಬಂಡವಾಳ. ಕಂಪನಿಯ ಧೀರೋದಾತ್ತ ನಿಲುವನ್ನು ಅರಮನೆಯಿಂದ ಕಾಡಿಗೆ ಒಯ್ದ ಪಾತ್ರ ಇದು. ಲೋಕೇಶರ ವೃತ್ತಿಜೀವನದ ತಿರುವು ಯಾವುದೆಂದು ಕೇಳಿದರೆ, ಹೆಚ್ಚಿನವರು ಹೇಳುವ ‘ಭೂತಯ್ಯನ ಮಗ ಅಯ್ಯು’ಗಿಂತ ಮೊದಲು ನಾನು ಕಾಚನ ಹೆಸರನ್ನು ಹೇಳುತ್ತೇನೆ.

ಇದಕ್ಕೆ ಇನ್ನೊಂದು ಆಧಾರ ಉಂಟು, ವಿಮರ್ಶಕರು ಅದನ್ನು ಅಷ್ಟಾಗಿ ಗಮನಿಸಿದಂತಿಲ್ಲ. ಶ್ರೀಕೃಷ್ಣ ಆಲನಹಳ್ಳಿ ಹುಟ್ಟಿದ್ದೂ 1947ರಲ್ಲಿ, ಅದೇ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ. ಅವರ ಕಾದಂಬರಿಗಳಿಂದ ಬಂದ ಮೂರು ಚಿತ್ರಗಳಲ್ಲಿ ಲೋಕೇಶ್ ಇದ್ದಾರೆ: ಗಿರೀಶ ಕಾರ್ನಾಡರ ‘ಕಾಡು’ (1973), ಮಾರುತಿ ಶಿವರಾಂ ಅವರ ‘ಪರಸಂಗದ ಗೆಂಡೆತಿಮ್ಮ’ (1978), ಮತ್ತು ಸ್ವತಃ ಲೋಕೇಶರೇ ನಿರ್ದೇಶಿಸಿದ ‘ಭುಜಂಗಯ್ಯನ ದಶಾವತಾರ’. ಕಾಚನನ್ನೂ ಸೇರಿಸಿದರೆ ಅವರ ಮುಖ್ಯ ಕೆಲಸದ ದೊಡ್ಡ ಭಾಗ ಒಂದೇ ಸೀಮೆಯ ನುಡಿಗೆ ಸೇರಿದ್ದು. ಬೆಂಗಳೂರಿನ ನಟನೊಬ್ಬ ತನ್ನದಲ್ಲದ ಊರಿನ ಮಾತನ್ನು ಇಷ್ಟು ಕಾಲ ಬಾಯಲ್ಲಿ ಇಟ್ಟುಕೊಂಡದ್ದು ಆಕಸ್ಮಿಕವಾಗಿ ನನಗೆ ತೋರುವುದಿಲ್ಲ.

ಗೆಂಡೆತಿಮ್ಮನನ್ನೇ ನೋಡಿ. ಊರೂರು ತಿರುಗಿ ಸರಕು ಮಾರುವವನು, ಪೇಟೆಯ ನಾಜೂಕನ್ನು ಬಯಸುವ ಹೆಂಡತಿ ಮರಂಕಿಯ (ರೀಟಾ ಅಂಚನ್) ಗಂಡ. ಅವನ ದುರಂತವನ್ನು ದೊಡ್ಡ ದನಿಯಲ್ಲಿ ಹೇಳಲು ಬರುವುದಿಲ್ಲ, ಅವನಿಗೆ ಅದನ್ನು ಹೇಳುವ ಮಾತೇ ತಿಳಿಯದು. ಲೋಕೇಶ್ ಅದನ್ನು ನಡಿಗೆಯಲ್ಲಿ, ಮಾತಿನ ಎಳೆತದಲ್ಲಿ ಹಿಡಿದರು. ಈ ಪಾತ್ರವನ್ನು ತಮಿಳಿಗೋ ತೆಲುಗಿಗೋ ಡಬ್ ಮಾಡಿದರೆ ಉಳಿಯುವುದು ಬರೀ ಕಥೆ. ‘ಭೂಕೈಲಾಸ’ದ ರಾವಣನಿಗೆ ಈ ನಷ್ಟ ಇರಲಿಲ್ಲ.

‘ಭೂತಯ್ಯನ ಮಗ ಅಯ್ಯು’ (1974) ಕಂಪನಿಯ ಅಭಿನಯ, ಆಡುಮಾತಿನ ಅಭಿನಯ ಇವೆರಡರ ನಡುವೆ ನಿಲ್ಲುತ್ತದೆ. ಗೊರೂರು ರಾಮಸ್ವಾಮಿ ಅಯ್ಯಂಗಾರರ ಕಥೆ, ಸಿದ್ದಲಿಂಗಯ್ಯನವರ ನಿರ್ದೇಶನ, ಚಿಕ್ಕಮಗಳೂರು ಜಿಲ್ಲೆಯ ಕಳಸಾಪುರದ ಬೀದಿಗಳು. ಅಪ್ಪನ ಆಸ್ತಿಯ ಜೊತೆಗೆ ಅಪ್ಪನ ಮೇಲಿನ ಊರ ದ್ವೇಷವೂ ಅಯ್ಯುವಿನ ಪಾಲಿಗೆ ಬರುತ್ತದೆ. ಎದುರಾಳಿ ಗುಳ್ಳನಾಗಿ ವಿಷ್ಣುವರ್ಧನ್ ಬೆಂಕಿಯಾದರೆ, ಅಯ್ಯುವಿನ ಹಟ ಒಳಗೇ ಗಟ್ಟಿಯಾಗುತ್ತ ಹೋಗುತ್ತದೆ. ಅದು ಕರಗುವ ಹೊತ್ತನ್ನು ಲೋಕೇಶ್ ಅವಸರಪಡದೆ ತಲುಪುತ್ತಾರೆ. ಅಯ್ಯುವಿನಲ್ಲಿ ಕಂಪನಿ ಖಳನ ಗತ್ತೂ ಇದೆ, ಹಳ್ಳಿಯ ಜಮೀನ್ದಾರನ ಒಣ ಮಾತೂ ಇದೆ. ತಂದೆಯ ಕಲೆ ಮಗನಲ್ಲಿ ಸ್ಪಷ್ಟವಾಗಿ ಕಾಣುವ ಜಾಗ ಇದೊಂದೇ ಇರಬಹುದು.

ಈ ವಾದಕ್ಕೆ ಒಂದು ಆಕ್ಷೇಪ ಬರಬಹುದು. ಟಿ. ಎಸ್. ನಾಗಾಭರಣರ ‘ಬ್ಯಾಂಕರ್ ಮಾರ್ಗಯ್ಯ’ ಇಂಗ್ಲಿಷ್ ಕಾದಂಬರಿಯಿಂದ ಬಂದದ್ದು. ಆರ್. ಕೆ. ನಾರಾಯಣರ ಮಾಲ್ಗುಡಿಗೆ ಇಂಥದೇ ಎಂದು ಹೇಳಬಹುದಾದ ಪ್ರಾಂತದ ನುಡಿಯಿಲ್ಲ. ಅಲ್ಲೂ ಲೋಕೇಶ್ ಗೆದ್ದರು. ನನ್ನ ಉತ್ತರ ಇಷ್ಟು: ಸಹಕಾರಿ ಬ್ಯಾಂಕಿನ ಎದುರು ಮರದಡಿ ತಗಡಿನ ಪೆಟ್ಟಿಗೆ ಇಟ್ಟುಕೊಂಡು ರೈತರಿಗೆ ಸಾಲ ಕೊಡಿಸುವ ಮಾರ್ಗಯ್ಯನಿಗೆ ನುಡಿಯ ಜಾಗದಲ್ಲಿ ಕಸುಬು ಇದೆ. ಲೆಕ್ಕ ಬರೆಯುವ ಕೈ, ಗಿರಾಕಿಯನ್ನು ಅಳೆಯುವ ಕಣ್ಣು ಅವನ ಆಡುಮಾತು. ಯಾವ ಪಾತ್ರಕ್ಕಾದರೂ ನಿಲ್ಲಲು ಒಂದು ನಿರ್ದಿಷ್ಟ ನೆಲ ಹುಡುಕುವ ಅಭ್ಯಾಸವನ್ನು ಅವರು ಹವ್ಯಾಸಿ ರಂಗದಲ್ಲಿ ರೂಢಿಸಿಕೊಂಡಿದ್ದರು.

‘ಭುಜಂಗಯ್ಯನ ದಶಾವತಾರ’ದಲ್ಲಿ ನಟನೆಯ ಜೊತೆ ನಿರ್ದೇಶನವನ್ನೂ ಹೊತ್ತಾಗ ಅವರು ಮತ್ತೆ ಆಲನಹಳ್ಳಿಗೇ ಹೋದದ್ದು ಗಮನಾರ್ಹ. ಕಸುಬು ಬದಲಿಸುತ್ತ, ಬದುಕು ಬದಲಿಸುತ್ತ ಹೋಗುವ ಒಬ್ಬ ಮನುಷ್ಯನ ಕಥೆಗೆ ಪುರಾಣದ ಹೆಸರು. ತಂದೆಯ ಕಂಪನಿ ದಶಾವತಾರವನ್ನು ದೇವರಲ್ಲಿ ಕಂಡಿತ್ತು, ಮಗ ಅದನ್ನು ಹಳ್ಳಿಯವನ ಹೆಗಲಿಗೆ ಹಾಕಿದರು. ಆಲನಹಳ್ಳಿಯವರ ಮೂಲ ಸಂಭಾಷಣೆ ಈ ಮೂರು ಚಿತ್ರಗಳಲ್ಲಿ ಲೋಕೇಶರ ಬಾಯಿಗೆ ಬಂದಾಗ ಎಲ್ಲೆಲ್ಲಿ ಮೊಟಕಾಯಿತು, ಎಲ್ಲೆಲ್ಲಿ ಎಳೆಯಿತು ಎಂಬುದನ್ನು ಸಾಲುಸಾಲಾಗಿ ಕಾದಂಬರಿಗಳೊಡನೆ ಹೋಲಿಸುವ ಕೆಲಸ ಭಾಷಾಶಾಸ್ತ್ರಜ್ಞರೂ ರಂಗವಿಮರ್ಶಕರೂ ಕೂಡಿ ಮಾಡಬೇಕಾದದ್ದು. ಅದಕ್ಕೆ ಮೊದಲು ‘ಕಾಕನಕೋಟೆ’ಯನ್ನು ರಂಗದ ಮೇಲೆ ಕಂಡವರು ನಮ್ಮೊಡನೆ ಇರುವಾಗಲೇ ಅವರ ನೆನಪುಗಳನ್ನು ದಾಖಲಿಸಿಕೊಳ್ಳಬೇಕು.