ಮಹಾದೂತ ಮಿಕಾಯೇಲರು ಯಾರ ಕಡೆಯವರು?



ಸೆಪ್ಟೆಂಬರ್ 29 ಮಹಾದೂತರಾದ ಮಿಕಾಯೇಲ, ಗಬ್ರಿಯೇಲ ಮತ್ತು ರಫಾಯೇಲರ ಹಬ್ಬ. ಮಿಕಾಯೇಲರು ಎಂದ ಕೂಡಲೇ ನಮಗೆಲ್ಲ ನೆನಪಾಗುವುದು ಗೋಡೆಯ ಪಟದಲ್ಲಿ ಕಾಣುವ ಆ ರೂಪ: ಬಿಚ್ಚಿದ ರೆಕ್ಕೆ, ಕೈಯಲ್ಲಿ ಆಯುಧ, ಕಾಲಡಿಯಲ್ಲಿ ಸೈತಾನ. ಹೊರದೇಶಗಳಲ್ಲಿ ಇದೇ ರೂಪವನ್ನು ಯುದ್ಧಸ್ಮಾರಕಗಳ ಮೇಲೂ ನಿಲ್ಲಿಸಿದ್ದಾರೆ. ಯುದ್ಧದಲ್ಲಿ ಸತ್ತವರನ್ನು ನೆನೆಯುವ ಜಾಗದಲ್ಲಿ ಮಹಾದೂತರಿಗೇನು ಕೆಲಸ?

ನಮ್ಮ ಸೀಮೆಯ ವೀರಗಲ್ಲು

ಉತ್ತರಕ್ಕೆ ಮೊದಲು ನಮ್ಮ ಸುತ್ತಮುತ್ತಲೇ ನೋಡೋಣ. ಮಡಕಶಿರಾ ಸೀಮೆಯ ಹೇಮಾವತಿ ಹಿಂದೆ ಹೆಂಜೇರು ಎಂಬ ಹೆಸರಿನಲ್ಲಿ ನೊಳಂಬ ಅರಸರ ರಾಜಧಾನಿಯಾಗಿತ್ತು. ಆ ಕಾಲದ ಕನ್ನಡ ನಾಡಿನಲ್ಲಿ ಕಾದಾಡಿ ಮಡಿದವರಿಗೆ ವೀರಗಲ್ಲು ನಿಲ್ಲಿಸುತ್ತಿದ್ದರು. ಸಾಮಾನ್ಯವಾಗಿ ಅದರಲ್ಲಿ ಮೂರು ಪಟ್ಟಿಕೆ: ಕೆಳಗೆ ಹೋರಾಟ, ನಡುವೆ ವೀರನನ್ನು ಮೇಲಕ್ಕೆ ಕರೆದೊಯ್ಯುವ ದೇವಕನ್ಯೆಯರು, ತುದಿಯಲ್ಲಿ ದೈವಸನ್ನಿಧಿ. ಸತ್ತ ಮಗ ಮಣ್ಣಾಗಿ ಹೋಗಲಿಲ್ಲ, ಅವನನ್ನು ಯಾರೋ ಕೈಹಿಡಿದು ಕರೆದೊಯ್ದರು ಎಂಬ ಸಮಾಧಾನ ಊರಿನವರಿಗೆ ಬೇಕಿತ್ತು.

ಕ್ರೈಸ್ತರಲ್ಲಿಯೂ ಇಂಥದೇ ಒಂದು ಹಳೆಯ ನಂಬಿಕೆ ಇದೆ. ಮೃತರ ಆತ್ಮವನ್ನು ದೇವರ ಬೆಳಕಿಗೆ ಕರೆದೊಯ್ಯುವವರು ಮಿಕಾಯೇಲರು. ಜೊತೆಗೆ ಪ್ರಕಟನೆ ಗ್ರಂಥದ 12ನೆಯ ಅಧ್ಯಾಯದಲ್ಲಿ ಅವರು ಸ್ವರ್ಗದ ಸೇನೆಯ ಮುಂದಾಳು. ಹೀಗಾಗಿ ಸೈನಿಕರ ಸ್ಮಾರಕಕ್ಕೆ ಅವರ ಪ್ರತಿಮೆ ಸಹಜವಾಗಿಯೇ ಬಂತು.

ಎರಡೂ ಕಡೆಯವರ ಮಿಕಾಯೇಲರು

ಕಷ್ಟ ಶುರುವಾಗುವುದು ಇಲ್ಲಿಂದ. ಜರ್ಮನಿಯ ಲೈಪ್ಜಿಗ್‌ನಲ್ಲಿ 1913ರಲ್ಲಿ ಉದ್ಘಾಟನೆಯಾದ ಬೃಹತ್ ಯುದ್ಧಸ್ಮಾರಕದ ಬುಡದಲ್ಲಿ ಕವಚ ತೊಟ್ಟ ಮಿಕಾಯೇಲರಿದ್ದಾರೆ. ಮೊದಲನೆಯ ಮಹಾಯುದ್ಧದಲ್ಲಿ, 1918ರ ಮಾರ್ಚ್ 21ರಂದು, ಜರ್ಮನ್ ಸೇನೆ ಬ್ರಿಟಿಷರ ಮೇಲೆ ನಡೆಸಿದ ದೊಡ್ಡ ದಾಳಿಗೆ ಇಟ್ಟ ಹೆಸರೂ ಮಿಕಾಯೇಲರದೇ. ಯುದ್ಧ ಮುಗಿದ ಮೇಲೆ ಬ್ರಿಟನ್ನಿನ ಹಲವು ಊರುಗಳೂ ತಮ್ಮ ಮಡಿದ ಹುಡುಗರ ಸ್ಮಾರಕಕ್ಕೆ ಅದೇ ಮಹಾದೂತರನ್ನು ಆರಿಸಿಕೊಂಡವು. ಎರಡೂ ಕಡೆಯ ತಾಯಂದಿರು ಒಬ್ಬರ ಹತ್ತಿರವೇ ಪ್ರಾರ್ಥಿಸಿದ್ದಾರೆ. ಹಾಗಾದರೆ ಅವರು ಯಾರ ಕಡೆಯವರು?

ಈ ಪ್ರಶ್ನೆಗೆ ನನಗೆ ತಿಳಿದ ಒಳ್ಳೆಯ ಉತ್ತರ ಇಂಗ್ಲೆಂಡಿನ ಕೊವೆಂಟ್ರಿ ನಗರದಲ್ಲಿದೆ.

ಕೊವೆಂಟ್ರಿಯ ಗೋಡೆಯ ಮೇಲೆ

ಅಲ್ಲಿನ ಪ್ರಧಾನಾಲಯ ಸಂತ ಮಿಕಾಯೇಲರ ಹೆಸರಿನದು. 1940ರ ನವೆಂಬರ್ 14ರ ರಾತ್ರಿ ಜರ್ಮನ್ ವಿಮಾನಗಳು ನಗರದ ಮೇಲೆ ಗಂಟೆಗಟ್ಟಲೆ ಬಾಂಬು ಸುರಿದವು. ಐನೂರಕ್ಕೂ ಹೆಚ್ಚು ಜನ ಸತ್ತರು. ಪ್ರಧಾನಾಲಯ ಸುಟ್ಟು, ಹೊರಗೋಡೆ ಮತ್ತು ಗೋಪುರ ಮಾತ್ರ ಉಳಿದವು. ಅಲ್ಲಿನ ಮುಖ್ಯ ಗುರು ರಿಚರ್ಡ್ ಹೊವಾರ್ಡ್ ಅದೇ ವರ್ಷದ ಕ್ರಿಸ್ಮಸ್ ದಿನ ರೇಡಿಯೋದಲ್ಲಿ ಮಾತನಾಡಿ, ಸೇಡಿನ ಯೋಚನೆಯನ್ನು ದೂರವಿಡೋಣ ಎಂದು ಕೇಳಿಕೊಂಡರು. ಊರಿನ ಗಾಯ ಇನ್ನೂ ಹಸಿಯಾಗಿದ್ದ ಹೊತ್ತಿನಲ್ಲಿ ಆಡಿದ ಮಾತು ಅದು. ಸುಟ್ಟ ತೊಲೆಗಳೆರಡನ್ನು ಕಟ್ಟಿ ಶಿಲುಬೆ ಮಾಡಿದರು. ಮುಂದೆ ಪೀಠದ ಹಿಂದಿನ ಗೋಡೆಯಲ್ಲಿ ಎರಡೇ ಪದ ಕೆತ್ತಿಸಿದರು: ತಂದೆಯೇ, ಕ್ಷಮಿಸು. 'ಅವರನ್ನು' ಎಂಬ ಪದ ಅಲ್ಲಿಲ್ಲ. ಕ್ಷಮೆ ಬೇಕಾದವರು ಶತ್ರುಗಳು ಮಾತ್ರವಲ್ಲ, ಎಲ್ಲರೂ.

ಹಳೆಯ ಅವಶೇಷವನ್ನು ಸ್ಮಾರಕವಾಗಿ ಹಾಗೆಯೇ ಉಳಿಸಿ, ಪಕ್ಕದಲ್ಲಿ ವಾಸ್ತುಶಿಲ್ಪಿ ಬೇಸಿಲ್ ಸ್ಪೆನ್ಸ್ ಹೊಸ ಪ್ರಧಾನಾಲಯ ಕಟ್ಟಿದರು. 1962ರ ಮೇ 25ರಂದು ಅದರ ಪ್ರತಿಷ್ಠೆಯಾಯಿತು. ಹೊರಗೋಡೆಯ ಮೇಲಿನ ಕಂಚಿನ ಮಿಕಾಯೇಲರನ್ನು ಮಾಡಿದವರು ಜೇಕಬ್ ಎಪ್‌ಸ್ಟೀನ್. ಅವರು ಯೆಹೂದ್ಯರು. ಅವರ ಜನರಲ್ಲಿ ಸುಮಾರು 60 ಲಕ್ಷ ಮಂದಿಯನ್ನು ನಾಜಿಗಳು ಕೊಂದಿದ್ದರು. ಕೋಪಕ್ಕೆ ಅವರಿಗಿಂತ ಹೆಚ್ಚಿನ ಕಾರಣ ಯಾರಿಗಿತ್ತು? ಆದರೂ ಅವರು ಮಾಡಿದ ಸೈತಾನನ ಮೈಮೇಲೆ ಯಾವ ದೇಶದ ಸಮವಸ್ತ್ರವೂ ಇಲ್ಲ, ಬಾವುಟವೂ ಇಲ್ಲ. ಕೊಂಬುಳ್ಳ ಬೆತ್ತಲೆ ಮನುಷ್ಯನಂತೆ, ಕಟ್ಟುಬಿದ್ದು ಮಲಗಿದ್ದಾನೆ. ಪ್ರತಿಮೆ ಗೋಡೆ ಸೇರುವುದನ್ನು ನೋಡಲು ಎಪ್‌ಸ್ಟೀನ್ ಇರಲಿಲ್ಲ. 1959ರಲ್ಲಿ ತೀರಿಕೊಂಡರು. ಮರುವರ್ಷ ಅವರ ಪತ್ನಿ ಅದನ್ನು ಅನಾವರಣ ಮಾಡಿದರು.

ಯೂದನ ಪತ್ರದ 9ನೆಯ ವಾಕ್ಯವನ್ನು ಇಲ್ಲಿ ನೆನೆಯಬೇಕು. ಮೋಶೆಯ ಶರೀರಕ್ಕಾಗಿ ಸೈತಾನನೊಡನೆ ವಾದಿಸುವಾಗಲೂ ಮಿಕಾಯೇಲರು ಅವನನ್ನು ದೂಷಿಸಿ ತೀರ್ಪು ಕೊಡಲಿಲ್ಲ, ತೀರ್ಪನ್ನು ಪ್ರಭುವಿಗೇ ಬಿಟ್ಟರು. ಮಹಾದೂತರೇ ಹಿಂಜರಿದ ಕೆಲಸವನ್ನು ನಾವು ಎಷ್ಟು ಸುಲಭವಾಗಿ ಮಾಡುತ್ತೇವೆ!

ಯುವಕರು ಮಾಡಿದ್ದು

ಕಥೆಯಲ್ಲಿ ನನಗೆ ತುಂಬ ಇಷ್ಟವಾದ ಭಾಗ ಇದು. 1961ರಲ್ಲಿ ಜರ್ಮನಿಯ ಯುವಜನರ ಒಂದು ತಂಡ ಕೊವೆಂಟ್ರಿಗೆ ಬಂದು, ತಮ್ಮ ಹಿರಿಯರು ಸುಟ್ಟ ಪ್ರಧಾನಾಲಯದ ಅವಶೇಷದಲ್ಲಿ ಕೂಡುಕೋಣೆಗಳನ್ನು ಕಟ್ಟಲು ಕೈಜೋಡಿಸಿತು. 1965ರಲ್ಲಿ ಕೊವೆಂಟ್ರಿಯಿಂದ ಹೊರಟ ಯುವಜನರು ಜರ್ಮನಿಯ ಡ್ರೆಸ್ಡೆನ್‌ಗೆ ಹೋದರು. 1945ರ ಫೆಬ್ರವರಿಯಲ್ಲಿ ಬ್ರಿಟಿಷ್ ಮತ್ತು ಅಮೆರಿಕನ್ ವಿಮಾನಗಳು ಸುಮಾರು 25,000 ಜನರನ್ನು ಕೊಂದ ನಗರ ಅದು. ಅಲ್ಲಿ ಬಾಂಬಿಗೆ ಬಿದ್ದ ಆಸ್ಪತ್ರೆಯೊಂದನ್ನು ಮತ್ತೆ ಕಟ್ಟಲು ಇವರು ಇಟ್ಟಿಗೆ ಹೊತ್ತರು. ಇವರಲ್ಲಿ ಹೆಚ್ಚಿನವರು ಯುದ್ಧದ ಕಾಲದಲ್ಲಿ ಎಳೆಯ ಮಕ್ಕಳು. ತಪ್ಪು ತಮ್ಮದಲ್ಲ, ನಮಗೇಕೆ ಎನ್ನಬಹುದಿತ್ತು. ಹಾಗೆನ್ನಲಿಲ್ಲ.

ನಾವು ಗಡಿಯ ಮಕ್ಕಳು. 1953ರಲ್ಲಿ ಬಳ್ಳಾರಿ ಜಿಲ್ಲೆ ಒಡೆದಾಗ ರಾಯದುರ್ಗ ಅನಂತಪುರಕ್ಕೆ ಸೇರಿತು. ಮಡಕಶಿರಾದಿಂದ ಯಾವ ದಿಕ್ಕಿಗೆ ಹೊರಟರೂ ಕರ್ನಾಟಕ ದೂರವಿಲ್ಲ. ಮನೆಯಲ್ಲಿ ಕನ್ನಡ, ಬಜಾರಿನಲ್ಲಿ ತೆಲುಗು ನಮಗೆ ರೂಢಿ. ಆದರೂ ಭಾಷೆಯ ಮಾತು, ನೀರಿನ ಮಾತು, ಜಾತಿಯ ಮಾತು ಬಂದಾಗ ಮೊಬೈಲಿನಲ್ಲಿ 'ಅವರು' ಎಂಬ ಪದ ಎಷ್ಟು ಬೇಗ ಬೈಗುಳವಾಗುತ್ತದೆ ಎಂಬುದು ನಮಗೆ ಗೊತ್ತು. ದೇವರು ನಮ್ಮ ಕಡೆ ಎನ್ನುವವರು ಆಗಲೂ ಇದ್ದರು, ಈಗಲೂ ಇದ್ದಾರೆ. ನಾವು ಮಿಕಾಯೇಲರ ಕಡೆ ನಿಂತಿದ್ದೇವೆಯೇ ಎಂದು ಕೇಳಿಕೊಳ್ಳುವುದು ಒಳ್ಳೆಯದು.

ಮುಂದಿನ ಯುವಕೂಟದಲ್ಲಿ ಎರಡು ಪ್ರಶ್ನೆ ಚರ್ಚಿಸೋಣ. ನಮ್ಮ ಊರಿನಲ್ಲಿ ಯಾರ ಜೊತೆಗಿನ ಮನಸ್ತಾಪ ನಮ್ಮ ಹಿರಿಯರಿಂದ ನಮಗೆ ಬಂದಿದೆ? ಅದನ್ನು ಮುಗಿಸಲು ನಾವು ಹೊರಬಹುದಾದ ಒಂದು ಇಟ್ಟಿಗೆ ಯಾವುದು?

ಸಂತ ಮಿಕಾಯೇಲರೇ, ನಮಗಾಗಿ ಪ್ರಾರ್ಥಿಸಿರಿ.