ಓಡೈಪಟ್ಟಿಯ ಐತ್ವ: ಸಂಕಲನದ ಕಡತಗಳು ಕೊಂಡಿ ಕಳಚಿಕೊಳ್ಳುವ ಚರಿತ್ರೆ

ಒಂದು ಕಂಪ್ಯೂಟರಿನಲ್ಲಿ ಮಾಡಿದ ವಿಡಿಯೋ ಸಂಕಲನವನ್ನು ಇನ್ನೊಂದರಲ್ಲಿ ತೆರೆದರೆ ಚಿತ್ರಗಳು ಯಾಕೆ ಕಾಣೆಯಾಗುತ್ತವೆ? ಕೇಳೋದಕ್ಕೆ ಇದು ರಿಪೇರಿ ಅಂಗಡಿಯ ಪ್ರಶ್ನೆ. ಮೌಖಿಕ ಇತಿಹಾಸ ದಾಖಲಿಸುವ ನಮಗೆ ಮಾತ್ರ ಇದು ಸಾಕ್ಷ್ಯದ ಪ್ರಶ್ನೆ.

ತಮಿಳುನಾಡಿನ ತೇನಿ ಜಿಲ್ಲೆಯ ಕಂಬಂ ಕಣಿವೆಯಲ್ಲಿ ಕನ್ನಡ ಮನೆಮಾತಿನ ಕಪ್ಪಿಲಿಯರ್ ಇದ್ದಾರೆ. ಎಡ್ಗರ್ ಥರ್ಸ್ಟನ್ 1909ರಲ್ಲಿ ಪ್ರಕಟಿಸಿದ ದಕ್ಷಿಣ ಭಾರತದ ಜಾತಿ-ಬುಡಕಟ್ಟುಗಳ ಸಂಪುಟಗಳಲ್ಲೂ ಇವರನ್ನು ಕನ್ನಡ ಮಾತಾಡುವ ರೈತರೆಂದೇ ಗುರುತಿಸಲಾಗಿದೆ. ನಾನು ಭೇಟಿಯಾದವರು ಮನೆಯಲ್ಲಿ ಕನ್ನಡ ಆಡ್ತಾರೆ, ಬರೆಯೋದು ತಮಿಳಿನಲ್ಲಿ. ಹಾಗಾಗಿ ಅವರ ಕನ್ನಡಕ್ಕೆ ಮುದ್ರಿಸಿಕೊಂಡ ಧ್ವನಿಯೇ ದಾಖಲೆ. ಓಡೈಪಟ್ಟಿಯಲ್ಲಿ ಅಕ್ಕಪಕ್ಕದ ಮನೆಯ ಇಬ್ಬರು ಅಜ್ಜಿಯರ ಮಾತನ್ನು ಎರಡು ದಿನ ಚಿತ್ರೀಕರಿಸಿದ್ದೆ.

ಇಲ್ಲಿ ಸ್ವಲ್ಪ ಹಿಂದಕ್ಕೆ ಹೋಗೋಣ. ಫಿಲ್ಮಿನ ಕಾಲದಲ್ಲಿ ನೆಗೆಟಿವಿನ ಅಂಚಿನಲ್ಲೇ ಸಂಖ್ಯೆಗಳು ಅಚ್ಚಾಗಿರುತ್ತಿದ್ದವು. 35 ಎಂಎಂ ಫಿಲ್ಮಿನಲ್ಲಿ ಅಡಿಗೆ 16 ಚೌಕಟ್ಟು, ಪ್ರತಿ ಅಡಿಗೂ ಒಂದು ಸಂಖ್ಯೆ. ಸಂಕಲನಕಾರ ಕತ್ತರಿಸಿದ ಪ್ರತಿಯನ್ನು ಆ ಸಂಖ್ಯೆ ನೋಡಿ ಮೂಲ ನೆಗೆಟಿವಿಗೆ ಹೊಂದಿಸುತ್ತಿದ್ದರು. ಗುರುತು ವಸ್ತುವಿನ ಮೈಮೇಲೇ ಇತ್ತು. ಆಮೇಲೆ ವಿಡಿಯೋ ಟೇಪು ಬಂತು. ಕಂಪ್ಯೂಟರಿನಿಂದ ಸಂಕಲಿಸುವ ಸಿಎಂಎಕ್ಸ್ 600 ಯಂತ್ರ ಬಂದದ್ದು 1971ರಲ್ಲಿ. ಎಲ್ಲಿಂದ ಎಲ್ಲಿಗೆ ಕತ್ತರಿಸಬೇಕೆಂದು ಪಟ್ಟಿಯಲ್ಲಿ ಬರೆದಿಡುವ ಪದ್ಧತಿಯೂ ಬೆಳೆಯಿತು. ಟೈಮ್‌ಕೋಡ್ ಟೇಪಿನೊಳಗಿತ್ತು, ಟೇಪಿನ ಹೆಸರು ಡಬ್ಬಿಯ ಚೀಟಿಯ ಮೇಲಿತ್ತು. ಗುರುತಿನ ಅರ್ಧ ಭಾಗ ಆಗಲೇ ಹೊರಗೆ ಬಂದಿತ್ತು. 1989ರಲ್ಲಿ ಆವಿಡ್, 1991ರಲ್ಲಿ ಪ್ರೀಮಿಯರ್ ಬಂದವು. ಇವತ್ತಿನ ಪ್ರಾಜೆಕ್ಟ್ ಕಡತದಲ್ಲಿ ಸಾಮಾನ್ಯವಾಗಿ ಚಿತ್ರವೇ ಇರೋದಿಲ್ಲ. ಯಾವ ಡ್ರೈವ್, ಯಾವ ಫೋಲ್ಡರ್, ಯಾವ ಹೆಸರು ಎಂಬ ವಿಳಾಸವಷ್ಟೇ ಇರುತ್ತದೆ.

ನನ್ನ ಕತೆ ಕೆಟ್ಟದ್ದು ಆ ವಿಳಾಸದಲ್ಲೇ. ಫೋಲ್ಡರಿಗೆ ಅಭಿಮಾನದಿಂದ ಕನ್ನಡದಲ್ಲೇ ‘ಓಡೈಪಟ್ಟಿ’ ಅಂತ ಹೆಸರಿಟ್ಟಿದ್ದೆ. ‘ಡೈ’ಯಲ್ಲಿರುವ ಐತ್ವವನ್ನು ಯೂನಿಕೋಡಿನಲ್ಲಿ ಎರಡು ರೀತಿ ಇಡಬಹುದು: ಒಂದೇ ಸಂಕೇತವಾಗಿ, ಇಲ್ಲವೇ ಎತ್ವ ಮತ್ತು ಅದರ ಕೆಳಗಿನ ಬಾಲ ಎಂದು ಎರಡಾಗಿ. ಕಣ್ಣಿಗೆ ಎರಡೂ ಒಂದೇ. ಹಳೆಯ ಮ್ಯಾಕ್ ಡಿಸ್ಕ್ ವ್ಯವಸ್ಥೆ ಹೆಸರನ್ನು ಬಿಡಿಸಿ ಎರಡಾಗಿ ಇಡುತ್ತಿತ್ತು. ವಿಂಡೋಸ್ ಕೊಟ್ಟದ್ದನ್ನು ಕೊಟ್ಟಂತೆ ಇಡುತ್ತದೆ. ವಿಂಡೋಸಿನಲ್ಲಿ ಸಂಕಲನ ಶುರುಮಾಡಿ, ಚಿತ್ರಗಳನ್ನು ಹಳೆಯ ಮ್ಯಾಕಿಗೆ ಹಾಕಿ, ಅಲ್ಲಿಂದ ಜಿಪ್ ಮಾಡಿ ಇನ್ನೊಂದು ವಿಂಡೋಸಿಗೆ ತಂದೆ. ಕೊಂಡಿ ಕಳಚಿತು. ಫೋಲ್ಡರು ಎದುರಿಗೇ ಇದೆ, ತಂತ್ರಾಂಶ ಮಾತ್ರ ಇಲ್ಲ ಅನ್ನುತ್ತೆ!

ಅವಸರದಲ್ಲಿ, ಕಡತದ ಹೆಸರೊಂದನ್ನೇ ನೋಡಿ ಮತ್ತೆ ಜೋಡಿಸುವ ಆಯ್ಕೆ ಒತ್ತಿದೆ. ಕ್ಯಾಮೆರಾ ಪ್ರತಿ ಕಾರ್ಡಿನಲ್ಲೂ 00000ದಿಂದಲೇ ಎಣಿಸಿತ್ತು. ಎರಡೂ ದಿನ 00003 ಎಂಬ ಕಡತವಿತ್ತು. ಒಬ್ಬ ಅಜ್ಜಿಯ ಹೆಸರು, ಅವರ ಮಾತಿನ ಅನುವಾದ. ತೆರೆಯ ಮೇಲೆ ಇನ್ನೊಬ್ಬರು. ಆ ಕನ್ನಡ ತಿಳಿಯದ ಪ್ರೇಕ್ಷಕರ ಎದುರು ಒಮ್ಮೆ ತೋರಿಸಿಯೂ ಬಿಟ್ಟೆ, ಯಾರೂ ಚಕಾರ ಎತ್ತಲಿಲ್ಲ. ಊರಿಗೆ ಹೋಗಿ ತೋರಿಸಿದಾಗ ಮೊಮ್ಮಗ ಹೇಳಿದ: “ಸಾರ್, ಹೆಸರು ನಮ್ಮಜ್ಜೀದು, ಮುಖ ಪಕ್ಕದ ಮನೆ ಅಜ್ಜೀದು.” ಅಷ್ಟರಲ್ಲಿ ಅವನ ಅಜ್ಜಿ ತೀರಿಕೊಂಡಿದ್ದರು. ಮೂಲ ಚಿತ್ರ ಮ್ಯಾಕಿನಲ್ಲಿ ಉಳಿದಿತ್ತು, ನನ್ನ ಪುಣ್ಯ.

ಈಗ ಹೀಗೆ ಮಾಡ್ತೀನಿ. ಸಂಕಲನಕ್ಕೆ ಕೈಹಾಕುವ ಮುಂಚೆಯೇ ದಿನಾಂಕ, ಊರಿನ ಸಂಕೇತ, ಕಾರ್ಡಿನ ಸಂಖ್ಯೆ ಸೇರಿಸಿ ಪ್ರತಿ ಕಡತಕ್ಕೂ ಬೇರೆ ಹೆಸರಿಡುವುದು. ಆಮೇಲೆ ಬದಲಿಸುವುದಿಲ್ಲ. ಎಲ್ಲ ವಿಂಡೋಸ್ ಯಂತ್ರಗಳಲ್ಲೂ ಆ ಡಿಸ್ಕಿಗೆ ಒಂದೇ ಡ್ರೈವ್ ಅಕ್ಷರ. ಮರುಜೋಡಣೆಯಾದರೆ ಅವಧಿ, ಟೈಮ್‌ಕೋಡ್ ಎರಡನ್ನೂ ತಾಳೆ ನೋಡುವುದು. ಫೋಲ್ಡರಿನ ಹೆಸರು ಇಂಗ್ಲಿಷ್ ಅಕ್ಷರ, ಅಂಕಿಗಳಲ್ಲಿ ಮಾತ್ರ. ಇದಕ್ಕೆ ಮನಸ್ಸು ಒಪ್ಪಲಿಲ್ಲ, ಆದರೂ ಒಪ್ಪಿಸಿದೆ. ಅಜ್ಜಿಯ ಹೆಸರು, ಮನೆ, ಹೇಳಿದ ವಿಷಯ ಕನ್ನಡದಲ್ಲೂ ತಮಿಳಿನಲ್ಲೂ ನೋಟ್‌ಬುಕ್ಕಿನಲ್ಲಿವೆ. ಅದರ ಒಂದು ಪ್ರತಿ ಆ ಮೊಮ್ಮಗನ ಹತ್ತಿರವೂ ಇದೆ. ಹೊರಗೆ ತೋರಿಸುವ ಮುಂಚೆ ಸಂಕಲನವನ್ನು ಅವನಿಗೆ ಕಳಿಸ್ತೀನಿ.

ಇಷ್ಟು ಹೇಳಿ ನಿಲ್ಲಿಸ್ತೀನಿ. ಪ್ರಶ್ನೆಗಳಿದ್ದರೆ ಕೇಳಿ.