ದೂರದ ಮುಹೂರ್ತ

2020ರ ಜೂನ್ ತಿಂಗಳಲ್ಲಿ ಚನ್ನರಾಯಪಟ್ಟಣದಲ್ಲಿ ನಮ್ಮಕ್ಕನ ಮಗಳ ಮದುವೆ ನಡೆಯಿತು. ಐವತ್ತು ಜನಕ್ಕಿಂತ ಹೆಚ್ಚು ಸೇರಬಾರದೆಂಬ ಕಟ್ಟಳೆಯಿದ್ದ ಕಾಲ ಅದು. ವೃದ್ಧರು ಮನೆ ಬಿಟ್ಟು ಹೊರಡಬಾರದೆಂದು ಸರ್ಕಾರವೂ ವೈದ್ಯರೂ ಒಂದೇ ದನಿಯಲ್ಲಿ ಹೇಳುತ್ತಿದ್ದರು. ಅರಕಲಗೂಡಿನಲ್ಲಿ ಅಣ್ಣನ ಮನೆಯಲ್ಲಿದ್ದ ನಮ್ಮ ತಾಯಿಗೆ ಆಗ ಎಪ್ಪತ್ತೆಂಟು ವರ್ಷ. “ನಾನಿಲ್ಲದೆ ಧಾರೆ ಎರೆಯುತ್ತೀರೇನೋ?” ಎಂದು ಆಕೆ ಕೇಳಿದ್ದಕ್ಕೆ, “ನೀನು ಅಲ್ಲಿಂದಲೇ ನೋಡುವೆಯಂತೆ, ಅಮ್ಮ” ಎಂದು ಮಾತು ಕೊಟ್ಟವನು ನಾನು. ಆ ಮಾತನ್ನು ಉಳಿಸಿಕೊಳ್ಳುವುದು ಎಷ್ಟು ಕಷ್ಟವೆಂಬುದು ಮುಹೂರ್ತಕ್ಕೆ ಅರ್ಧ ಗಂಟೆ ಮುಂಚೆ ತಿಳಿಯಿತು.

ನೇರಪ್ರಸಾರದ ಹೊಣೆ ಹೊತ್ತವನು ನನ್ನ ಹಳೆಯ ವಿದ್ಯಾರ್ಥಿ. ಛತ್ರದ ಮೂಲೆಯಲ್ಲಿ ಒಂದು ಮೇಜು. ಅದರ ಮೇಲೆ ಸ್ಲೇಟಿನಷ್ಟು ದೊಡ್ಡದಾದ ಸ್ವಿಚರ್. ಮೂರು ಕ್ಯಾಮೆರಾಗಳ ತಂತಿಗಳು ಬಂದು ಅದಕ್ಕೆ ಸೇರುತ್ತವೆ. ಯಾವ ಗುಂಡಿಯನ್ನು ಒತ್ತಿದರೆ ಆ ಕ್ಯಾಮೆರಾದ ಚಿತ್ರ ಹೊರಲೋಕಕ್ಕೆ ಹೋಗುತ್ತದೆ. ಎರಡರ ಚಿತ್ರ ಬಂದಿತ್ತು. ಮಂಟಪಕ್ಕೆ ಎದುರಾಗಿದ್ದ, ತಾಳಿ ಕಟ್ಟುವುದನ್ನು ತೋರಿಸಬೇಕಾಗಿದ್ದ ಮೂರನೆಯದು ಮಾತ್ರ ಬರಿಯ ಕಪ್ಪು. “ಸಾರ್, ಕ್ಯಾಮೆರಾ ಚೆನ್ನಾಗಿದೆ, ವೈರೂ ಚೆನ್ನಾಗಿದೆ, ಆದ್ರೂ ಬರ್ತಿಲ್ಲ” ಎಂದು ಅವನು ಬೆವರೊರೆಸಿಕೊಂಡ. ನಾನು ಕನ್ನಡ ಮೇಷ್ಟರು. ಷಟ್ಪದಿಯ ಪಾದದಲ್ಲಿ ಮಾತ್ರೆ ತಪ್ಪಿದ್ದರೆ ಹೇಳಬಲ್ಲೆ, ಯಂತ್ರದ ಮಾತು ನನಗೇನು ಗೊತ್ತು? ಆದರೆ ವಿಚಿತ್ರ ನೋಡಿ, ಅಲ್ಲಿ ತಪ್ಪಿದ್ದೂ ಮಾತ್ರೆಯೇ! ಎರಡು ಕ್ಯಾಮೆರಾಗಳು ಸೆಕೆಂಡಿಗೆ 25 ಚಿತ್ರಗಳಂತೆ ಓಡುತ್ತಿದ್ದುವು. ಹಾಸನದಿಂದ ಎರವಲು ತಂದಿದ್ದ ಮೂರನೆಯದು 30ರ ಲೆಕ್ಕದಲ್ಲಿ. ಆ ಪುಟ್ಟ ಸ್ವಿಚರ್ ತನ್ನ ಲೆಕ್ಕಕ್ಕೆ ಹೊಂದದ ಚಿತ್ರವನ್ನು ಸ್ವೀಕರಿಸುವುದೇ ಇಲ್ಲವಂತೆ.

ಈ ಮಾತ್ರೆಯ ತೊಡಕು ಟೆಲಿವಿಷನ್ನಿನಷ್ಟೇ ಹಳೆಯದು. ಅಮೆರಿಕದ ವಿದ್ಯುತ್ತು ಸೆಕೆಂಡಿಗೆ 60 ಆವರ್ತಗಳದು, ಯೂರೋಪಿನದೂ ನಮ್ಮದೂ 50. ಮೊದಲ ಕಾಲದ ಟೆಲಿವಿಷನ್ ಚಿತ್ರ ವಿದ್ಯುತ್ತಿನ ಲಯಕ್ಕೆ ಹೊಂದದಿದ್ದರೆ ಪರದೆಯ ಮೇಲೆ ಪಟ್ಟೆಗಳು ಹರಿದಾಡುತ್ತಿದ್ದುವು. ಆದುದರಿಂದ ಅವರು 30 ಚಿತ್ರಗಳನ್ನೂ ನಾವು 25 ಚಿತ್ರಗಳನ್ನೂ ಹಿಡಿದೆವು. ಹಳೆಯ ಸ್ಟುಡಿಯೋಗಳಲ್ಲಿ ಎಲ್ಲ ಕ್ಯಾಮೆರಾಗಳಿಗೂ ಒಂದೇ ಗಡಿಯಾರದ ಮಿಡಿತವನ್ನು ತಂತಿಯಲ್ಲಿ ಕಳಿಸುತ್ತಿದ್ದರು. ಇಲ್ಲವಾದರೆ ಒಂದರಿಂದ ಇನ್ನೊಂದಕ್ಕೆ ಬದಲಿಸಿದ ಕ್ಷಣ ಚಿತ್ರ ಉರುಳಿ ಬೀಳುತ್ತಿತ್ತು. ಮುಂಚೆ ಬಂದ ಚಿತ್ರವನ್ನು ಕ್ಷಣಕಾಲ ತಡೆದಿಟ್ಟು, ಅದರ ಸರದಿಗೆ ಬಿಡುವ ಯಂತ್ರಗಳು ಬಂದದ್ದು 1970ರ ದಶಕದಲ್ಲಿ. ಇಂದು ಆ ಕೆಲಸವೂ ಸ್ಲೇಟಿನಂಥ ಪೆಟ್ಟಿಗೆಯೊಳಗೆ ಅಡಗಿದೆ. ಆದರೆ ನಿಯಮ ಬದಲಾಗಿಲ್ಲ: ನೇರಪ್ರಸಾರದಲ್ಲಿ ಮೊದಲ ಕೆಲಸ ಚಿತ್ರ ತೆಗೆಯುವುದಲ್ಲ, ಎಲ್ಲ ಕಣ್ಣುಗಳನ್ನೂ ಒಂದೇ ಕಾಲಕ್ಕೆ ಕಟ್ಟುವುದು.

ದೂರದರ್ಶನದ ಈ ಚರಿತ್ರೆಯಲ್ಲಿ ನಮ್ಮ ಹಾಸನ ಜಿಲ್ಲೆಗೆ ಒಂದು ವಿಶಿಷ್ಟ ಸ್ಥಾನವುಂಟು. ಕನ್ನಡನಾಡು ಟೆಲಿವಿಷನ್ನನ್ನು ಮೊದಲು ಕಂಡದ್ದು ಬೆಂಗಳೂರಿನಲ್ಲಲ್ಲ. ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳಲ್ಲಿ. 1975ರ ಆಗಸ್ಟಿನಿಂದ ಒಂದು ವರ್ಷ, ಅಮೆರಿಕದಿಂದ ಎರವಲು ಪಡೆದ ಎಟಿಎಸ್-6 ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಚಿತ್ರಗಳು ಬಂದುವು. ಬೆಂಗಳೂರು ದೂರದರ್ಶನ ಕೇಂದ್ರ ಆರಂಭವಾದದ್ದು 1981ರ ನವೆಂಬರ್ 1ರಂದು. ಎರವಲು ಉಪಗ್ರಹ ಎಷ್ಟು ದಿನ? ನಮ್ಮದೇ ಆದ ಇನ್ಸಾಟ್ ಉಪಗ್ರಹಗಳನ್ನು ನೋಡಿಕೊಳ್ಳಲು ಇಸ್ರೋ ಸಂಸ್ಥೆ ಹಾಸನದ ಸಾಲಗಾಮೆ ರಸ್ತೆಯಲ್ಲಿ ಮುಖ್ಯ ನಿಯಂತ್ರಣ ಕೇಂದ್ರವನ್ನು ಕಟ್ಟಿತು. ಊರವರಿಗೆ ಅದು ಎಂಸಿಎಫ್.

ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ ಉಪಗ್ರಹ ನಿಂತಲ್ಲೇ ನಿಂತಂತೆ ಕಾಣುತ್ತದೆ. ಆದರೆ ಸೂರ್ಯಚಂದ್ರರ ಸೆಳೆತದಿಂದ ಅದು ಮೆಲ್ಲಮೆಲ್ಲನೆ ಸರಿಯುತ್ತಲೇ ಇರುತ್ತದೆ. ಅದನ್ನು ಮತ್ತೆ ಮತ್ತೆ ಅದರ ಜಾಗಕ್ಕೆ ತರುವುದು, ಅದರ ಮುಖ ಭೂಮಿಯ ಕಡೆಗೇ ಇರುವಂತೆ ನೋಡಿಕೊಳ್ಳುವುದು ಈ ಕೇಂದ್ರದ ನಿತ್ಯಕರ್ಮ. ಆರಂಭ ಮಾತ್ರ ಶುಭವಾಗಿರಲಿಲ್ಲ. 1982ರ ಏಪ್ರಿಲ್ 10ರಂದು ಹಾರಿದ ಇನ್ಸಾಟ್-1ಎ ಮೊದಲಿನಿಂದಲೂ ಕಾಡಿತು. ಸೆಪ್ಟೆಂಬರಿನಲ್ಲಿ ಭೂಮಿಯ ಕಡೆಗಿನ ಗುರಿ ತಪ್ಪಿ, ಇಂಧನ ತೀರಿ, ಕೈಬಿಟ್ಟು ಹೋಯಿತು. ಮರುವರ್ಷ ಆಗಸ್ಟ್ 30ರಂದು ಚಾಲೆಂಜರ್ ನೌಕೆಯಲ್ಲಿ ಹೊರಟ ಇನ್ಸಾಟ್-1ಬಿ ಕೂಡ ಸೌರಫಲಕ ಬಿಚ್ಚಲಾರದೆ ಹಟ ಹಿಡಿಯಿತು. ಸೆಪ್ಟೆಂಬರ್ ನಡುಭಾಗದಲ್ಲಿ ಫಲಕ ಬಿಚ್ಚಿಕೊಂಡಾಗ ಹೋದ ಜೀವ ಬಂದಂತಾಗಿರಬೇಕು. 1984ರಲ್ಲಿ ಬಹುಮಟ್ಟಿಗೆ ದಿನಕ್ಕೊಂದರಂತೆ ದೇಶದ ಊರೂರಿನಲ್ಲಿ ಪ್ರಸಾರದ ಗೋಪುರಗಳು ಎದ್ದುವು. ಅವುಗಳಿಗೆ ಚಿತ್ರ ಉಣಿಸಿದ್ದು ಈ ಇನ್ಸಾಟ್-1ಬಿ.

ಹೊಳೆನರಸೀಪುರದಲ್ಲಿ ಬೆಳೆದ ನನಗೆ 1987ರ ಭಾನುವಾರಗಳು ಚೆನ್ನಾಗಿ ನೆನಪಿವೆ. ರಾಮಾಯಣದ ಹೊತ್ತಿಗೆ ಬೀದಿಯೆಲ್ಲ ನಮ್ಮ ಎದುರುಮನೆಯಲ್ಲಿ ಸೇರುತ್ತಿತ್ತು. ನಮ್ಮೂರಿನಿಂದ ಒಂದು ಗಂಟೆಯ ದಾರಿಯಲ್ಲಿ ಕುಳಿತವರು ಆ ಉಪಗ್ರಹವನ್ನು ಹಿಡಿದು ನಿಲ್ಲಿಸಿದ್ದಾರೆಂಬುದು ನಮಗಾರಿಗೂ ತಿಳಿದಿರಲಿಲ್ಲ. ಜಿಲ್ಲೆ ದೇಶಕ್ಕೆಲ್ಲ ಚಿತ್ರ ಹಂಚುವ ಕೆಲಸಕ್ಕೆ ಹೆಗಲು ಕೊಟ್ಟಿತ್ತು. ಆದರೆ ಆ ಚಿತ್ರದಲ್ಲಿ ಜಿಲ್ಲೆಯ ಮುಖ ಎಲ್ಲಿತ್ತು? ಹನ್ನೆರಡು ವರ್ಷಕ್ಕೊಮ್ಮೆ ಶ್ರವಣಬೆಳಗೊಳದ ಮಹಾಮಸ್ತಕಾಭಿಷೇಕ ಬಂದಾಗ ದೊಡ್ಡ ಊರುಗಳ ಕ್ಯಾಮೆರಾಗಳು ಇತ್ತ ತಿರುಗುತ್ತಿದ್ದುವು. ಬಾಹುಬಲಿಗೆ ಸಾವಿರ ವರ್ಷ ತುಂಬಿದ 1981ರ ಫೆಬ್ರುವರಿಯಲ್ಲಂತೂ ಬೆಂಗಳೂರು ಕೇಂದ್ರವೇ ಇನ್ನೂ ಹುಟ್ಟಿರಲಿಲ್ಲ. ನಮ್ಮೂರ ನರಸಿಂಹಸ್ವಾಮಿಯ ತೇರಿಗೆ, ಅರಕಲಗೂಡಿನ ಸಂತೆಗೆ ಯಾರು ಬರಬೇಕು?

ಬಂದದ್ದು ಕೇಬಲ್ಲಿನವರು. 1990ರ ದಶಕದಲ್ಲಿ ಮನೆಯ ಮಾಳಿಗೆಯ ಮೇಲೆ ದೊಡ್ಡ ತಟ್ಟೆಯಿಟ್ಟು, ಬೀದಿಗೆಲ್ಲ ತಂತಿ ಎಳೆದ ಹುಡುಗರು ಒಂದು ದಿನ ತೇರುಬೀದಿಯಲ್ಲಿ ಕ್ಯಾಮೆರಾ ಹೂಡಿ, ಅದರ ತಂತಿಯನ್ನೂ ಅದೇ ಜಾಲಕ್ಕೆ ಸೇರಿಸಿಬಿಟ್ಟರು. ಒಂದೇ ಕ್ಯಾಮೆರಾ, ತೇರು ತಿರುಗಿದರೆ ಜನರ ಬೆನ್ನಷ್ಟೇ ಕಾಣುತ್ತಿತ್ತು. ಆದರೂ ಕಾಲು ಮುರಿದುಕೊಂಡು ಮಲಗಿದ್ದ ನಮ್ಮಜ್ಜಿ ಹಾಸಿಗೆಯಿಂದಲೇ ಕೈಮುಗಿದದ್ದನ್ನು ನಾನು ಕಂಡಿದ್ದೇನೆ. ನಮ್ಮ ಪಾಲಿಗೆ ನೇರಪ್ರಸಾರ ಹುಟ್ಟಿದ್ದು ಅಂದು.

ಎರಡನೆಯ ಕ್ಯಾಮೆರಾ ಬಂದಾಗ ಸ್ವಿಚರ್ ಬೇಕಾಯಿತು. ಕ್ಯಾಮೆರಾ ದೂರ ಹೋದಾಗ ಕನ್ವರ್ಟರ್ ಬೇಕಾಯಿತು. ಮನೆಬಳಕೆಯ ಕ್ಯಾಮೆರಾಗಳಿಗಿರುವ ಎಚ್‌ಡಿಎಂಐ ತಂತಿ ಹತ್ತು ಹದಿನೈದು ಮೀಟರ್ ದಾಟಿದರೆ ಸೋಲುತ್ತದೆ. ಯಾರಾದರೂ ಎಡವಿದರೆ ಕಳಚಿಕೊಳ್ಳುತ್ತದೆ. ಸ್ಟುಡಿಯೋಗಳಿಗಾಗಿ ಹುಟ್ಟಿದ ಎಸ್‌ಡಿಐ ತಂತಿ ನೂರು ಮೀಟರಿನವರೆಗೂ ಚಿತ್ರವನ್ನು ಒಯ್ಯಬಲ್ಲದು. ಅದರ ತುದಿಯನ್ನು ತಿರುಗಿಸಿ ಬಿಗಿದರೆ ಸುಲಭಕ್ಕೆ ಬಿಡದು. ಒಂದರ ಭಾಷೆಯನ್ನು ಇನ್ನೊಂದಕ್ಕೆ ಹೇಳುವ ದುಭಾಷಿಯೇ ಕನ್ವರ್ಟರ್. ಬೆಂಕಿಪೊಟ್ಟಣಕ್ಕಿಂತ ಕೊಂಚ ದೊಡ್ಡದಾದ ಈ ಪೆಟ್ಟಿಗೆ ಅಗ್ಗವಾದ ಮೇಲೆ ತಾಲ್ಲೂಕಿನ ಹುಡುಗರಿಗೂ ತೇರುಬೀದಿಯ ಎರಡು ತುದಿಗಳು ಒಟ್ಟಿಗೆ ಕಂಡುವು.

ಚನ್ನರಾಯಪಟ್ಟಣದ ಛತ್ರಕ್ಕೆ ಮರಳೋಣ. ನನ್ನ ವಿದ್ಯಾರ್ಥಿ ಮೂರನೆಯ ಕ್ಯಾಮೆರಾವನ್ನು 25ರ ಲೆಕ್ಕಕ್ಕೆ ತಂದ. ಕಪ್ಪು ಪರದೆಯಲ್ಲಿ ಮಂಟಪ ಮೂಡಿತು. ಕನ್ವರ್ಟರಿನ ಬಳಿ ಸಡಿಲವಾಗಿದ್ದ ತಂತಿಯನ್ನು ಹೂವಿನ ದಾರದಿಂದ ಸ್ಟ್ಯಾಂಡಿಗೆ ಕಟ್ಟಿದ. ಅಷ್ಟರಲ್ಲಿ ಡೋಲಿನ ಮೇಲೆ ಕೋಲು ಬೀಳುವ ಮೊದಲೇ ಸದ್ದು ಕೇಳತೊಡಗಿತು! ಚಿತ್ರ ಪೆಟ್ಟಿಗೆಗಳನ್ನು ದಾಟಿ ಬರುವಷ್ಟರಲ್ಲಿ ಶಬ್ದ ಮುಂದೆ ಓಡಿತ್ತು. ಶಬ್ದವನ್ನೂ ಒಂದಿಷ್ಟು ತಡೆದು ಜೊತೆಗೂಡಿಸಿದ. ಗಟ್ಟಿಮೇಳವಾಯಿತು.

ಉಪಗ್ರಹಕ್ಕೆ ಹೋಗಿ ಬರುವ ಚಿತ್ರ ಕಾಲು ಸೆಕೆಂಡು ತಡ. ಇಂಟರ್ನೆಟ್ಟಿನಲ್ಲಿ ಹೊರಟ ನಮ್ಮ ಚಿತ್ರ ಅರಕಲಗೂಡು ಮುಟ್ಟಲು ಅರ್ಧ ನಿಮಿಷ ಹಿಡಿಯಿತಂತೆ. ನಾವೆಲ್ಲ ಅಕ್ಷತೆ ಹಾಕಿ ಕೈ ಕೊಡವಿದ ಮೇಲೆ ಅಮ್ಮನ ಫೋನಿನಲ್ಲಿ ತಾಳಿ ಕಟ್ಟಿದ್ದು. ಆಕೆ ಆ ಫೋನಿನ ಮೇಲೆಯೇ ಅಕ್ಷತೆ ಹಾಕಿದಳೆಂದು ಅಣ್ಣ ಆಮೇಲೆ ಹೇಳಿದ.

ಅಮ್ಮ ಈಗಿಲ್ಲ. ಅಂದಿನ ಪ್ರಸಾರವನ್ನು ಇನ್ನೊಮ್ಮೆ ನೋಡಬೇಕೆಂದು ಕೇಳಿದಾಗ, ಗಡಿಬಿಡಿಯಲ್ಲಿ ಅದನ್ನು ಉಳಿಸಿಟ್ಟಿರಲಿಲ್ಲವೆಂದು ಆ ಹುಡುಗ ತಲೆ ತಗ್ಗಿಸಿದ. ನೇರಪ್ರಸಾರದ ಚರಿತ್ರೆ ಬರೆಯಹೊರಟವನ ಕಷ್ಟ ಇದೇ: ಆ ಕ್ಷಣಕ್ಕಾಗಿ ಅಷ್ಟೊಂದು ದುಡಿಯುವವರು ಕ್ಷಣವನ್ನು ಕೂಡಿಡಲು ಮರೆಯುತ್ತಾರೆ. ನಾನು ಅವನನ್ನು ಆಕ್ಷೇಪಿಸಲಿಲ್ಲ. ನಾನು ಕೊಟ್ಟ ಮಾತು ಅಮ್ಮನಿಗೆ ಮದುವೆ ತೋರಿಸುವುದಷ್ಟೆ; ಅದನ್ನು ಅವನು ನಡೆಸಿಕೊಟ್ಟಿದ್ದ, ಅರ್ಧ ನಿಮಿಷ ತಡವಾಗಿ.